ಮನೆ ಮುಂದೆ ಒಂದೇ ಬಗೆ ಹೂ ಹಾಕಲೋ, ಹತ್ತು ಬಗೆ ಹಾಕಲೋ?

ಇರುವುದು 10 ಅಡಿ ಜಾಗ, ಬೇರೆ ಬೇರೆ ಹೂ ಹಾಕಿದರೆ ಕಾಡಿನ ಹಾಗೆ ಕಾಣುತ್ತದೋ ಏನೋ ಅಂತ ಕೇಳಿದ್ದೀರಿ. ಕಾಣಲಿ ಬಿಡಿ. ಹತ್ತು ಬಗೆ ಹಾಕಿ.

ನಾನು ಮಲೆನಾಡಿನ ಸಾಗರ ಊರಿನ ಕಡೆಯವಳು. ಅಮ್ಮನ ಅಂಗಳದಲ್ಲಿ ಯಾವ ಗಿಡಕ್ಕೂ ಸಾಲು ಅಂತ ಇರಲಿಲ್ಲ. ದಾಸವಾಳದ ಬುಡದಲ್ಲಿ ಕನಕಾಂಬರ, ಪಕ್ಕದಲ್ಲಿ ಡೇರೆ (ಡೇಲಿಯಾ), ಬೇಲಿ ಮೇಲೆ ಶಂಖಪುಷ್ಪ, ಬಚ್ಚಲ ನೀರು ಹರಿಯುವಲ್ಲಿ ಸಂಜೆ ಮಲ್ಲಿಗೆ. ಬಣ್ಣದ ಚೆಂದ ಇದ್ದೇ ಇತ್ತು. ಆದರೆ ನನಗೆ ಜಾಸ್ತಿ ಇಷ್ಟವಾಗಿದ್ದು ಒಂದೊಂದು ಹೂವಿಗೂ ಒಂದೊಂದು ಹೊತ್ತು ಇರುವುದು. ಬೆಳಕು ಹರಿಯುವಷ್ಟರಲ್ಲಿ ಪಾರಿಜಾತ ಅರಳಿ, ಉದುರಿ ಮುಗಿದಿರುತ್ತಿತ್ತು. ಬಿಸಿಲು ಬರುವಾಗ ದಾಸವಾಳ. ಸೂರಕ್ಕಿ ಬಂದು ಹೂವಿನ ಬುಡಕ್ಕೇ ಕೊಕ್ಕು ತೂರಿಸಿ ಸಿಹಿ ಹೀರುತ್ತಿತ್ತು. ಬೆಟ್ಟದಾವರೆಯಂತೂ ಬೆಳಗ್ಗೆ ಬಿಳಿ, ಸಂಜೆಗೆ ಕೆಂಪು. ನಾಲ್ಕು ಗಂಟೆ ದಾಟಿದರೆ ಸಂಜೆ ಮಲ್ಲಿಗೆ ಬಿಚ್ಚುತ್ತದೆ, ಕತ್ತಲಾದರೆ ಮಲ್ಲಿಗೆ ಪರಿಮಳ. ರಾತ್ರಿ ಅರಳುವ ಹೂಗಳಲ್ಲಿ ಬಿಳಿಯೂ ಜಾಸ್ತಿ, ಪರಿಮಳವೂ ಜಾಸ್ತಿ. ಕತ್ತಲಲ್ಲಿ ಓಡಾಡುವ ಪತಂಗಕ್ಕೆ ದಾರಿ ಸಿಗಬೇಕಲ್ವಾ?

ಒಂದೇ ಗಿಡದ ಬೇರೆ ಬೇರೆ ಬಣ್ಣ ಪಕ್ಕಪಕ್ಕ ಇದ್ದರೆ ಇನ್ನೂ ಒಂದು ಆಗುತ್ತದೆ, ಒಂದರ ಪರಾಗ ಇನ್ನೊಂದಕ್ಕೆ ಸೇರಿ ಬಣ್ಣ ಬೆರೆಯುತ್ತದೆ. ನಮ್ಮಲ್ಲಿ ಹಳದಿ ಸಂಜೆ ಮಲ್ಲಿಗೆ, ಗುಲಾಬಿ ಬಣ್ಣದ್ದು ಎರಡೂ ಇದ್ದವು. ಕಾಳುಮೆಣಸಿನಂಥ ಕಪ್ಪು ಬೀಜ ಉದುರಿ, ಮುಂದಿನ ಮಳೆಗೆ ತಾನಾಗಿ ಎದ್ದ ಒಂದು ಗಿಡದ ಹೂವಿನಲ್ಲಿ ಅರ್ಧ ಹಳದಿ, ಅರ್ಧ ಗುಲಾಬಿ! ಕೆಲವದರಲ್ಲಿ ಬರೀ ಚುಕ್ಕಿ. ದಿನಾ ಸಂಜೆ ಇವತ್ತು ಯಾವ ಥರ ಬಿಟ್ಟಿದೆ ಅಂತ ನೋಡಲು ಓಡುತ್ತಿದ್ದೆ. ಜರ್ಮನಿಯ ಸಸ್ಯವಿಜ್ಞಾನಿ ಕಾರ್ಲ್ ಕೊರೆನ್ಸ್ ಇದೇ ಗಿಡದ ಕೆಂಪು ಮತ್ತು ಬಿಳಿ ಬಗೆಗಳನ್ನು ಕೂಡಿಸಿ ಗುಲಾಬಿ ಹೂ ಪಡೆದು, ಗುಣಗಳು ಒಂದು ತಲೆಮಾರಿನಿಂದ ಇನ್ನೊಂದಕ್ಕೆ ಹೇಗೆ ಸಾಗುತ್ತವೆ ಅಂತ ಅಭ್ಯಾಸ ಮಾಡಿದ್ದು ಗೊತ್ತಾದಾಗ ಅಮ್ಮನ ಬಚ್ಚಲ ಬದಿಯೇ ಕಣ್ಣ ಮುಂದೆ ಬಂತು.

ಕಟ್ಟುವಾಗಲೂ ಹಾಗೇ. ಕನಕಾಂಬರಕ್ಕೆ ಬಣ್ಣ ಇದೆ, ಪರಿಮಳ ಇಲ್ಲ. ಬಾಳೆನಾರಿನಲ್ಲಿ ನಾಲ್ಕು ಕನಕಾಂಬರ, ನಾಲ್ಕು ಮಲ್ಲಿಗೆ, ನಡುನಡುವೆ ಮರುಗ ಇಟ್ಟು ಅಮ್ಮ ದಂಡೆ ಕಟ್ಟುತ್ತಿದ್ದಳು. ಬರೀ ಮಲ್ಲಿಗೆ ದಂಡೆ ನನಗೆ ಇವತ್ತಿಗೂ ಸಪ್ಪೆ ಅನ್ನಿಸುತ್ತದೆ.

ಡೇರೆಯನ್ನು ಮಾತ್ರ ಬಿಡಬೇಡಿ. ಮೂಲ ಮೆಕ್ಸಿಕೋದ್ದು, ಚೆಂಡು ಹೂವೂ ಅಲ್ಲಿಯದೇ. ಆದರೆ ಮಲೆನಾಡಿನ ಹೆಂಗಸರಿಗೆ ಮಳೆಗಾಲ ಅಂದರೆ ಡೇರೆ. ಗಿಡ ಒಣಗಿದ ಮೇಲೆ ಅಮ್ಮ ಗೆಡ್ಡೆ ಕಿತ್ತು ಬೂದಿ ಬೆರೆಸಿದ ಒಣಮಣ್ಣಿನಲ್ಲಿ ಎತ್ತಿಡುತ್ತಿದ್ದಳು. ಮಳೆ ಶುರುವಾಗುವಾಗ "ನಿಮ್ಮನೆ ಕೆಂಪಿನದು ಒಂದು ಗೆಡ್ಡೆ ಕೊಡೇ, ನಮ್ಮದು ಹಳದಿ ಕೊಡ್ತೀನಿ" ಅಂತ ಊರಿಡೀ ಕೊಡು-ಕೊಳ್ಳು ನಡೆಯುತ್ತಿತ್ತು.

ನಿಮ್ಮ ಜಾಗಕ್ಕೆ ಮೊದಲು ಹೀಗೆ ಶುರು ಮಾಡಿ. ಗೋಡೆ ಬದಿಗೆ ಒಂದು ದಾಸವಾಳ, ಅದರ ನೆರಳು ಬೀಳದ ಕಡೆ ಎರಡು ಡೇರೆ, ಮುಂದೆ ಚೆಂಡು ಹೂ, ಮೂಲೆಯಲ್ಲಿ ಸಂಜೆ ಮಲ್ಲಿಗೆ. ಡೇರೆಗೆ ಮಣ್ಣು ಏರಿಸಿ, ನೀರು ನಿಂತರೆ ಗೆಡ್ಡೆ ಕೊಳೆಯುತ್ತದೆ. ಎತ್ತರ ಬಂದಾಗ ಕೋಲು ಊರಿ ಕಟ್ಟಿ. ಸಂಜೆ ಮಲ್ಲಿಗೆ ಬೀಜ ವಿಷ, ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ನೋಡಿಕೊಳ್ಳಿ. ಎಲ್ಲೆಂದರಲ್ಲಿ ಸಸಿ ಏಳುತ್ತದೆ, ಜಾಸ್ತಿಯಾದದ್ದನ್ನು ಕಿತ್ತು ಪಕ್ಕದ ಮನೆಯವರಿಗೆ ಕೊಡಿ. ಅವರ ಹತ್ತಿರ ಬೇರೆ ಬಣ್ಣದ್ದು ಇದ್ದರೆ ಒಂದು ಬೀಜ ಕೇಳಿ ತನ್ನಿ.