ಹೆಂಡತಿಗೆ ಸ್ಟಾರ್ ವಾರ್ಸ್ ಹುಚ್ಚಿದ್ದರೆ ಏಗುವುದು ಹೇಗೆ?

ನೀವು ಕೇಳಿರುವುದು ಇಷ್ಟು: ಬರುವ ತಿಂಗಳು ಮದುವೆ. ಹುಡುಗಿಗೆ ಸ್ಟಾರ್ ವಾರ್ಸ್ ಸಿನಿಮಾಗಳೆಂದರೆ ಪ್ರಾಣ. ನಿಮಗೆ ಅದರ ಗಂಧಗಾಳಿ ಇಲ್ಲ. ಈಗಿನಿಂದಲೇ ಎಲ್ಲ ನೋಡಿ ತಯಾರಾಗಬೇಕಾ, ಇಲ್ಲ ಸುಮ್ನೆ ಇದ್ದುಬಿಡಬೇಕಾ?

ನಾನು 11 ವರ್ಷದಿಂದ ಇಂಥದ್ದೇ ಮನೆಯಲ್ಲಿದ್ದೇನೆ ಸ್ವಾಮಿ. ಹೆಸರು ಹಾಕದೆ ಬರೆಯುತ್ತಿದ್ದೇನೆ. ಯಾಕೆ ಅನ್ನುವುದು ಆಮೇಲೆ ಗೊತ್ತಾಗುತ್ತೆ.

ತಯಾರಾಗಲು ಹೋಗಬೇಡಿ. ನಾನು ಹೋಗಿದ್ದೆ. ನಿಶ್ಚಿತಾರ್ಥ ಆದ ಮೇಲೆ ಒಂದು ರಾತ್ರಿ ಕೂತು ಏನೇನೋ ಓದಿಕೊಂಡೆ. ಮಾರನೇ ದಿನ ಫೋನಿನಲ್ಲಿ, "ಆ ಚೂಪು ಕಿವಿಯ ಸ್ಪಾಕ್ ಇದ್ದಾನಲ್ಲ, ನಂಗೂ ಇಷ್ಟ" ಎಂದೆ. ಆ ಕಡೆ ಸದ್ದಿಲ್ಲ. ಕಾಲ್ ಕಟ್ಟಾಯ್ತೇನೋ ಅಂದುಕೊಂಡೆ. ಆಮೇಲೆ ಮೆಲ್ಲಗೆ, "ರೀ, ಅದು ಸ್ಟಾರ್ ಟ್ರೆಕ್" ಎಂದಳು. ರಾಜ್‌ಕುಮಾರ್ ಅಭಿಮಾನಿಯ ಮುಂದೆ ವಿಷ್ಣುವರ್ಧನ್ ಸಿನಿಮಾ ಹೊಗಳಿ, "ಅಣ್ಣಾವ್ರು ಎಂಥಾ ಆ್ಯಕ್ಟಿಂಗು!" ಅಂದರೆ ಹೇಗಿರುತ್ತೆ, ಹಾಗೆ. ಇವತ್ತಿಗೂ ಅವಳ ತವರಿನಲ್ಲಿ ನನಗೆ ಸ್ಪಾಕ್ ಭಾವ ಅಂತಲೇ ಹೆಸರು.

ಅವಳು ಶಿವಮೊಗ್ಗದಲ್ಲಿ ಬೆಳೆದವಳು. ಬಾಡಿಗೆ ತಂದ ವಿಸಿಡಿಯಲ್ಲಿ, ಹತ್ತನೇ ವಯಸ್ಸಿಗೆ, ಮೊದಲ ಸಿನಿಮಾ ನೋಡಿದ್ದಳಂತೆ. ಈ ಮೊದಲ ಸಿನಿಮಾ ಅನ್ನುವುದೇ ಒಂದು ದೊಡ್ಡ ಗೋಜಲು. 1977, 1980, 1983ರಲ್ಲಿ ಬಂದವು 4, 5, 6ನೇ ಭಾಗ. 1999, 2002, 2005ರಲ್ಲಿ ಬಂದವು 1, 2, 3. ಆಮೇಲೆ 2015ರಿಂದ 7, 8, 9. ಇದ್ಯಾವ ಲೆಕ್ಕ ಅಂತ ಕೇಳಿದೆ. 1977ರಲ್ಲಿ ಬಂದಾಗ ಅದಕ್ಕೆ ನಂಬರೇ ಇರಲಿಲ್ಲವಂತೆ. 1981ರಲ್ಲಿ ಮತ್ತೆ ಥಿಯೇಟರಿಗೆ ಬಿಟ್ಟಾಗ ನಾಲ್ಕನೇ ಅಧ್ಯಾಯ ಅಂತ ಮುಂದೆ ಸೇರಿಸಿದರಂತೆ. ನನಗೆ ತಲೆ ಕೆಟ್ಟಿತು. ನಮ್ಮಮ್ಮನಿಗೆ ಮಾತ್ರ ಏನೂ ಅನ್ನಿಸಲಿಲ್ಲ. "ಮಳೆ ಬರದಿದ್ರೆ ವಿರಾಟಪರ್ವ ಓದಿಸ್ತಿದ್ವಿ. ಆದಿಪರ್ವದಿಂದ ಶುರು ಮಾಡಿ ಅಂತ ಯಾರಾದ್ರೂ ಹಠ ಹಿಡಿದಿದ್ರಾ?" ಎಂದರು.

ನೀವು ನೋಡುವುದಾದರೆ ಬಿಡುಗಡೆಯಾದ ಕ್ರಮದಲ್ಲೇ ನೋಡಿ. ಬೇರೆ ಕ್ರಮ ಹೇಳುವವರೂ ಇದ್ದಾರೆ, ಅವರ ಜೊತೆ ವಾದಕ್ಕೆ ನಿಲ್ಲಬೇಡಿ, ಊಟ ಆರಿಹೋಗುತ್ತೆ. ಪಾರ್ಸೆಕ್ ಅನ್ನುವುದು ದೂರದ ಅಳತೆ, ಸಿನಿಮಾದಲ್ಲಿ ಒಬ್ಬ ತನ್ನ ಹಡಗಿನ ವೇಗದ ಬಡಾಯಿ ಕೊಚ್ಚಿಕೊಳ್ಳುವಾಗ ಆ ಪದ ಯಾಕೆ ಬಂತು ಅಂತ ಫಿಸಿಕ್ಸ್ ತೆಗೆಯಲೂಬೇಡಿ. ಉತ್ತರ ಇದೆ. ಉದ್ದ ಇದೆ. ಮೇ 4ಕ್ಕೆ ಊರಿಗೆ ಟಿಕೆಟ್ ಬುಕ್ ಮಾಡಬೇಡಿ. ಅದು ಇವರ ಹಬ್ಬ. ಇಂಗ್ಲಿಷಿನ ಒಂದು ಪದಚಮತ್ಕಾರದಿಂದ ಹುಟ್ಟಿದ್ದು, ಕನ್ನಡದಲ್ಲಿ ಹೇಳಿದರೆ ಬರೀ ತಾರೀಖು.

ಇನ್ನೊಂದು ವಿಷಯ ನನಗೆ ಅರ್ಥವಾಗಲು ವರ್ಷಗಳೇ ಹಿಡಿದವು. ಈ ಸಿನಿಮಾಗಳನ್ನು ನಮ್ಮ ಮನೆಯಲ್ಲಿ ಅವಳಷ್ಟು ಬೈಯುವವರು ಯಾರೂ ಇಲ್ಲ. 1999ರ ಭಾಗದ ಬಗ್ಗೆ ಅವಳ ಮಾತು ಇಲ್ಲಿ ಬರೆಯುವಂಥದ್ದಲ್ಲ. 1997ರಲ್ಲಿ ಹಳೆಯದನ್ನು ತಿದ್ದಿ ಮತ್ತೆ ಬಿಟ್ಟಾಗ ಹೋಟೆಲಿನ ಒಂದು ದೃಶ್ಯದಲ್ಲಿ ಯಾರು ಮೊದಲು ಗುಂಡು ಹಾರಿಸಿದ್ದು ಅನ್ನುವುದನ್ನೇ ಆ ಸಿನಿಮಾ ಮಾಡಿದ ಜಾರ್ಜ್ ಲ್ಯೂಕಾಸ್ ಬದಲಾಯಿಸಿದರು. ಆ ಕೋಪ ಅವಳಿಗೆ ಇನ್ನೂ ಇಳಿದಿಲ್ಲ. ಶಿರಸಿ ಕಡೆಯ ನಮ್ಮ ಭಾವ ರಾತ್ರಿಯಿಡೀ ಯಕ್ಷಗಾನ ನೋಡಿ ಬಂದು ಬೆಳಗ್ಗೆ ಭಾಗವತರನ್ನು ಬೈಯುತ್ತಾರಲ್ಲ, ಅದೇ ಜಾತಿ. ಅವಳು ಬೈಯುವಾಗ "ಹೌದು, ದಂಡ ಸಿನಿಮಾ" ಅಂತ ನೀವು ದನಿಗೂಡಿಸಿದಿರೋ, ಕೆಟ್ಟಿರಿ. ಬೈಯುವ ಹಕ್ಕು ನಮಗಿಲ್ಲ.

ನನಗೆ ಈ ಲೋಕದೊಳಗೆ ದಾರಿ ಸಿಕ್ಕಿದ್ದು ನಮ್ಮಪ್ಪನಿಂದ.

ಅಪ್ಪ ತಿಪಟೂರು ಕಡೆಯ ಟೂರಿಂಗ್ ಟಾಕೀಸಿನಲ್ಲಿ ಪ್ರೊಜೆಕ್ಟರ್ ಆಪರೇಟರ್ ಆಗಿದ್ದವರು. ಕಾರ್ಬನ್ ಕಡ್ಡಿ ಉರಿಸಿ ತೆರೆಗೆ ಬೆಳಕು ಬಿಡುತ್ತಿದ್ದ ಕಾಲದವರು. ಒಂದು ಭಾನುವಾರ ಇವಳು ಕತ್ತಿಯ ಕಾಳಗ ಹಾಕಿಕೊಂಡು ಕೂತಿದ್ದಳು. ಕತ್ತಿ ಅಂದರೆ ಬೆಳಕಿನ ಕತ್ತಿ, ಬೀಸಿದರೆ "ವೂಂ" ಅನ್ನುತ್ತೆ. ಅಪ್ಪ ಪೇಪರ್ ಓದುತ್ತಿದ್ದರು. ಇವಳು, "ಮಾವ, ಈ ಸದ್ದು ಎಲ್ಲಿಂದ ಬಂದಿದ್ದು ಗೊತ್ತಾ? ಪ್ರೊಜೆಕ್ಟರ್ ಮೋಟರಿಂದ" ಎಂದಳು. ಅಪ್ಪ ಕನ್ನಡಕ ತೆಗೆದು, "ಇನ್ನೊಂದ್ಸಲ ಹಾಕಮ್ಮ" ಎಂದರು.

ಬೆನ್ ಬರ್ಟ್ ಅಂತ ಒಬ್ಬರು. ಆ ಸಿನಿಮಾದ ಸದ್ದುಗಳನ್ನೆಲ್ಲ ಮಾಡಿದವರು. ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಓದುವಾಗ ಅಲ್ಲಿ ಪ್ರೊಜೆಕ್ಟರ್ ನಡೆಸುತ್ತಿದ್ದರು. ಹಳೆಯ ಪ್ರೊಜೆಕ್ಟರ್ ಸುಮ್ಮನೆ ನಿಂತಾಗಲೂ ಮೋಟರ್ ಗುಂಯ್‌ಗುಡುತ್ತಿತ್ತು. ಅದನ್ನು ಹಿಡಿದಿಟ್ಟರು. ಒಂದು ದಿನ ವೈರು ಕಿತ್ತ ಮೈಕನ್ನು ಟಿವಿಯ ಹತ್ತಿರ ಒಯ್ದಾಗ ಅದರ ಪಿಕ್ಚರ್ ಟ್ಯೂಬಿನಿಂದ ಜುಂಯ್ ಅಂತ ಇನ್ನೊಂದು ಸದ್ದು ಸಿಕ್ಕಿತು. ಎರಡನ್ನೂ ಬೆರೆಸಿದರು. ಬೀಸಿದ ಹಾಗೆ ಕೇಳಿಸಬೇಕಲ್ಲ? ಸ್ಪೀಕರಿನಲ್ಲಿ ಆ ಸದ್ದು ಹಾಕಿ, ಅದರ ಮುಂದೆ ಮೈಕನ್ನೇ ಕೈಯಲ್ಲಿ ಹಿಡಿದು ಬೀಸಿದರು. ಹತ್ತಿರ ಬರುವ ರೈಲಿನ ಸೀಟಿ ಏರಿ, ದಾಟಿ ಹೋದ ಮೇಲೆ ಇಳಿಯುತ್ತಲ್ಲ, ಅದೇ ಕೆಲಸ.

ಅಪ್ಪ ಮೂರು ಸಲ ಕೇಳಿದರು. "ಇಂಟರ್ವಲ್‌ನಲ್ಲಿ ಈ ಸದ್ದು ನಮ್ಮ ಕಿವಿಯಲ್ಲೇ ಇರ್ತಿತ್ತು. ಮನೆಗೆ ಬಂದು ಮಲಗಿದ್ರೂ ಬಿಡ್ತಿರಲಿಲ್ಲ. ಇದಕ್ಕೂ ದುಡ್ಡು ಬರುತ್ತೆ ಅಂತ ಯಾರಿಗೆ ಗೊತ್ತಿತ್ತು?" ಎಂದರು. ಅವತ್ತಿನಿಂದ ಮಾವ ಸೊಸೆ ಒಂದು ಪಾರ್ಟಿ. ಕಥೆ ಅಪ್ಪನಿಗೆ ಬೇಕಿಲ್ಲ. "ಆ ವಿಮಾನದ ಸದ್ದು ಎಂಥದು?" ಅಂತ ಕೇಳುತ್ತಾರೆ. ಆನೆ ಘೀಳಿಡುವುದಕ್ಕೆ ಒದ್ದೆ ರಸ್ತೆಯಲ್ಲಿ ಕಾರು ಹೋಗುವ ಸದ್ದು ಸೇರಿಸಿದ್ದು. ನಾನೂ ಪಕ್ಕದಲ್ಲಿ ಕೂತು ಕೇಳಿಸಿಕೊಳ್ಳಲು ಶುರು ಮಾಡಿದೆ. ಕಥೆ ನನಗೆ ಇವತ್ತಿಗೂ ಅಷ್ಟಕ್ಕಷ್ಟೆ. ಆದರೆ ಇದನ್ನು ಹೇಗೆ ಮಾಡಿದರು ಅಂತ ಕೇಳಿದರೆ ಅವಳ ಮುಖ ಅರಳುತ್ತೆ, ನನಗೂ ಬೇಜಾರಾಗಲ್ಲ. ನಿಮಗೆ ಸದ್ದು ಬೇಡದಿದ್ದರೆ ಬಟ್ಟೆಯೋ, ಮಾದರಿ ವಿಮಾನವೋ, ಸಂಗೀತವೋ ಯಾವುದಾದರೂ ಒಂದು ಸಿಗುತ್ತೆ, ಹುಡುಕಿ.

ಯೋಡ ಅಂತ ಹಸಿರು ಬಣ್ಣದ ಪುಟ್ಟ ಗುರು ಒಬ್ಬ ಬರುತ್ತಾನೆ. ಅವನ ಇಂಗ್ಲಿಷ್ ವಿಚಿತ್ರ. ಕೊನೆಯಲ್ಲಿ ಬರಬೇಕಾದ್ದನ್ನು ಮುಂದೆ ತಂದು, ಕ್ರಿಯಾಪದವನ್ನು ಹಿಂದಕ್ಕೆ ತಳ್ಳಿ ಮಾತಾಡುತ್ತಾನೆ. ಪ್ರಪಂಚವೆಲ್ಲ ಅದನ್ನು ಅನುಕರಿಸಿ ನಗುತ್ತೆ. ಇವಳು ನಮ್ಮಮ್ಮನಿಗೆ ಅದನ್ನು ಅದೇ ಕ್ರಮದಲ್ಲಿ ಕನ್ನಡಕ್ಕೆ ತಂದು ಹೇಳಿದಳು: "ಅನ್ನ ನೀನು ತಿನ್ನಬೇಕು." ಅಮ್ಮ, "ಸರಿಯಾಗೇ ಹೇಳ್ದ ಅಲ್ವಾ, ಅದರಲ್ಲಿ ನಗೋದೇನು?" ಎಂದರು. ಹಾಗಾದರೆ ಕ್ರಿಯಾಪದ ಮುಂದೆ ಇಡೋಣ ಅಂತ "ತಿಂದ್ಯಾ ಅನ್ನ?" ಎಂದಳು. ಅಮ್ಮ ದಿನಾ ಕೇಳುವುದೇ ಹಾಗೆ. ಕನ್ನಡದಲ್ಲಿ ಆ ಗುರುವಿನ ಆಟ ನಡೆಯಲೇ ಇಲ್ಲ.

ಖರ್ಚಿನ ಬಗ್ಗೆ ಮೊದಲೇ ಮಾತಾಡಿಕೊಳ್ಳಿ. ಜಾಗದ ಬಗ್ಗೆಯಂತೂ ಇನ್ನೂ ಮೊದಲೇ. 2017ರಲ್ಲಿ ಆಟಿಕೆ ಮಾಡುವ ಲೆಗೋದವರು ಸ್ಟಾರ್ ವಾರ್ಸಿನ ಒಂದು ಬಾಹ್ಯಾಕಾಶ ಹಡಗನ್ನು 7,541 ತುಂಡುಗಳಲ್ಲಿ ಬಿಟ್ಟರು. ಜೋಡಿಸಿದರೆ 84 ಸೆಂಟಿಮೀಟರ್ ಉದ್ದ. ಇವಳ ಒಂದು ವರ್ಷದ ಬೋನಸ್ ಅದಕ್ಕೇ ಹೋಯಿತು. ಮೂರು ವಾರ ಊಟದ ಮೇಜಿನ ಮೇಲೆ ಅದು, ನೆಲದ ಮೇಲೆ ನಾವು. ಅವಳ ಸಂಬಳ, ಅವಳಿಷ್ಟ. ಆದರೆ ಬಾಡಿಗೆ ಮನೆ ಬದಲಾಯಿಸುವಾಗ ಆ ಹಡಗನ್ನು ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಆಟೋದಲ್ಲಿ ಬಂದವನು ನಾನು.

ದಸರಾದಲ್ಲಿ ಗೊಂಬೆ ಕೂರಿಸುವಾಗ ಪಟ್ಟದ ಗೊಂಬೆಗಳ ಕೆಳಗಿನ ಮೆಟ್ಟಿಲಲ್ಲಿ ಸ್ಟಾರ್ ವಾರ್ಸಿನ ಕಪ್ಪು ಮುಖವಾಡದ ಡಾರ್ಥ್ ವೇಡರನೂ ಬಂದು ನಿಂತ. ಅಮ್ಮ, "ಇವನು ಒಳ್ಳೆಯವನಾ ಕೆಟ್ಟವನಾ?" ಅಂತ ಕೇಳಿದರು. "ಹೇಳಿದ್ರೆ ಕಥೆ ಹಾಳಾಗುತ್ತೆ ಅತ್ತೆ" ಎಂದಳು. ಆರತಿ ಅವನಿಗೂ ಆಯಿತು.

ಕಥೆ ಹಾಳಾಗುತ್ತೆ ಅನ್ನುವುದು ಅವಳಿಗೆ ತಮಾಷೆಯಲ್ಲ. 1980ರ ಸಿನಿಮಾದ ಕೊನೆಗೆ ಒಂದು ಗುಟ್ಟು ಬಯಲಾಗುತ್ತೆ. ನಿಮಗೆ ಗೊತ್ತಿಲ್ಲದಿದ್ದರೆ ಗೊತ್ತಿಲ್ಲದೇ ಇರಲಿ, ನಾನು ಬರೆಯಲ್ಲ. ಅದನ್ನು ಕಾಪಾಡಲು ಶೂಟಿಂಗಿನಲ್ಲಿ ವೇಡರನ ವೇಷದೊಳಗಿದ್ದ ನಟ ಡೇವಿಡ್ ಪ್ರೌಸ್‌ಗೇ ಸುಳ್ಳು ಡೈಲಾಗ್ ಕೊಟ್ಟಿದ್ದರು. ನಿಜವಾದ ಮಾತನ್ನು ಆಮೇಲೆ ಜೇಮ್ಸ್ ಅರ್ಲ್ ಜೋನ್ಸ್ ಅವರ ದನಿಯಲ್ಲಿ ಸೇರಿಸಿದರು. ನಮ್ಮ ಮಗಳು ಹುಟ್ಟಿದಾಗಿನಿಂದ ಇವಳದು ಒಂದೇ ಆಸೆ: ಅವಳಿಗೆ 8 ತುಂಬಿದ ಮೇಲೆ, ಏನೂ ಗೊತ್ತಿಲ್ಲದೆ, ಆ ದೃಶ್ಯ ನೋಡಬೇಕು.

ಅದಕ್ಕೆ ಒಂದು ವಾರ ಮೊದಲು, ಇವಳು ಆಫೀಸಿಗೆ ಹೋಗಿದ್ದಾಗ, ಮಗಳು ಇಡ್ಲಿ ತಿನ್ನುತ್ತಾ "ಅಪ್ಪಾ, ಈ ವೇಡರ್ ಯಾಕೆ ಹೀಗೆ ಉಸಿರಾಡ್ತಾನೆ?" ಅಂತ ಕೇಳಿದಳು. ನನಗೆ ಗೊತ್ತಿರುವ ವಿಷಯ! ಈಜುಗಾರರು ಬಾಯಿಗಿಟ್ಟುಕೊಳ್ಳುವ ಸ್ಕೂಬಾ ಸಾಧನದೊಳಗೆ ಪುಟ್ಟ ಮೈಕ್ ಇಟ್ಟು ಹಿಡಿದ ಉಸಿರು ಅದು ಅಂತ ಉತ್ಸಾಹದಿಂದ ಹೇಳಿದೆ. ಹೇಳುತ್ತಾ ಹೇಳುತ್ತಾ ಮುಂದಿನದನ್ನೂ ಹೇಳಿಬಿಟ್ಟೆ. ನಟನಿಂದಲೂ ಮುಚ್ಚಿಟ್ಟಿದ್ದ ಗುಟ್ಟು, ಎರಡು ಇಡ್ಲಿ ಮುಗಿಯುವಷ್ಟರಲ್ಲಿ ಹೋಯಿತು. ಮಗಳು ನನ್ನ ಮುಖ ನೋಡಿದಳು. "ಅಮ್ಮಂಗೆ ಹೇಳಲ್ಲ ಬಿಡಪ್ಪ" ಎಂದಳು.

ಆ ದಿನ ಬಂತು. ದೀಪ ಆರಿಸಿದ್ದೆವು. ಇವಳು ಟಿವಿ ನೋಡುತ್ತಿರಲಿಲ್ಲ, ಮಗಳ ಮುಖ ನೋಡುತ್ತಿದ್ದಳು. ಆ ಮಾತು ಬಂದ ತಕ್ಷಣ ಮಗಳು ಎರಡೂ ಕೈ ಬಾಯಿಗಿಟ್ಟುಕೊಂಡು, ಕಣ್ಣು ಅಗಲ ಮಾಡಿ, "ಅಮ್ಮಾ!" ಅಂತ ಕಿರುಚಿದಳು. ಇವಳ ಕಣ್ಣಲ್ಲಿ ನೀರು. ಆ ಮುಖವನ್ನು ಇವಳು ವಿಡಿಯೋ ಕೂಡ ಮಾಡಿಟ್ಟುಕೊಂಡಿದ್ದಾಳೆ, ನೆಂಟರಿಗೆಲ್ಲ ತೋರಿಸುತ್ತಾಳೆ. ತೋರಿಸುವಾಗ ಮಗಳು ನನ್ನ ಕಡೆ ತಿರುಗಿಯೂ ನೋಡುವುದಿಲ್ಲ. ಈಗ ತಿಂಗಳಿಗೆ ಎರಡು ಐಸ್‌ಕ್ರೀಮ್ ಜಾಸ್ತಿ ಆಗಿದೆ, ಅಷ್ಟೆ.

ಹೆಸರು ಹಾಕದಿರುವುದು ಇದಕ್ಕೇ. ತಿಪಟೂರಿನ ಪ್ರೊಜೆಕ್ಟರ್ ಅಂತೆಲ್ಲ ಬರೆದ ಮೇಲೆ ಹೆಸರು ಹಾಕದೆ ಏನು ಪ್ರಯೋಜನ ಅಂತ ಈಗ ಅನ್ನಿಸುತ್ತಿದೆ.