ಹವ್ಯಾಸಿಗಳೇ ನಡೆಸುವ ನ್ಯಾರೋಗೇಜ್ ರೈಲು ಮೊದಲು ಶುರುವಾದದ್ದು ಎಲ್ಲಿ?

ನಮ್ಮ ಕೋಲಾರ–ಚಿಕ್ಕಬಳ್ಳಾಪುರದ ನ್ಯಾರೋಗೇಜ್ ಹಳಿ (ಎರಡು ಕಂಬಿಗಳ ನಡುವೆ ಎರಡೂವರೆ ಅಡಿ ಅಂತರ) ಅಗಲವಾದ ಬ್ರಾಡ್‌ಗೇಜ್‌ಗೆ ಜಾಗ ಬಿಟ್ಟು ಮರೆಯಾಯಿತು. ಅಂಥದ್ದನ್ನು ಹವ್ಯಾಸಿಗಳು ಉಳಿಸಿಕೊಂಡದ್ದು ಎಲ್ಲಾದರೂ ಉಂಟೇ ಎಂದು ಕೇಳಿದ್ದೀರಿ. ಉಂಟು, ಮೊದಲನೆಯದು ವೇಲ್ಸ್‌ನ ಟಾಲಿಲಿನ್ ರೈಲ್ವೆ. ಸ್ಲೇಟ್ ಕಲ್ಲು ಸಾಗಿಸಲೆಂದು 1860ರ ದಶಕದಲ್ಲಿ ಹಾಕಿದ ಈ ಮಾರ್ಗ, ಗಣಿ ಮುಚ್ಚಿದ ಬಳಿಕ 1950ರಲ್ಲಿ ಮಾಲೀಕ ಹೇಡನ್ ಜೋನ್ಸ್ ತೀರಿಕೊಂಡಾಗ ನಿಂತೇಹೋಗುವಂತಿತ್ತು. ಆಗ ಲೇಖಕ ಟಾಮ್ ರೋಲ್ಟ್ ಮುಂದಾಳ್ತನದಲ್ಲಿ ಸಂಘ ಕಟ್ಟಿದ ಆಸಕ್ತರು 1951ರ ಮೇ 14ರಂದು ರೈಲನ್ನು ಮತ್ತೆ ಓಡಿಸಿದರು. ಗೇಜ್ ಅಪರೂಪದ 2 ಅಡಿ 3 ಇಂಚಿನದಾದ್ದರಿಂದ ಬೇರೆ ಎಂಜಿನ್ ಹೊಂದಿಸುವುದೇ ದೊಡ್ಡ ತಲೆನೋವು. ಪುಣ್ಯಕ್ಕೆ, 1948ರಲ್ಲಿ ನಿಂತಿದ್ದ ನೆರೆಯ ಕಾರಿಸ್ ರೈಲ್ವೆಯದೂ ಅದೇ ಅಳತೆಯಾಗಿದ್ದು, ಅದರ ಎರಡು ಎಂಜಿನ್‌ಗಳನ್ನು 1951ರಲ್ಲೇ ಕೊಂಡುತಂದರು.