ಹಗ್ಗ ಬಿಚ್ಚಿಕೊಂಡು ನಡೆಯಬಹುದೇ?

ಪ್ರಶ್ನೆ: ಗೈಡ್ ಜೊತೆ ಹಿಮಶಿಖರ ಏರುವಾಗ ಗುಂಪಿನವರನ್ನೆಲ್ಲ ಒಂದೇ ಹಗ್ಗಕ್ಕೆ ಕಟ್ಟುತ್ತಾರಂತೆ. ಗುರುತು ಪರಿಚಯವಿಲ್ಲದ ಯಾರೋ ಬಿದ್ದರೆ ನನ್ನನ್ನೂ ಎಳೆದುಕೊಂಡು ಹೋಗುವುದಿಲ್ಲವೇ?

ಉತ್ತರ: ಮತ್ತೆ ಇದೇ ಪ್ರಶ್ನೆ! ಬಿಚ್ಚಬೇಡಿ. ಹಿಮ ಹೊದ್ದ ಹಿಮನದಿಯಲ್ಲಿ ಆಳವಾದ ಬಿರುಕುಗಳ ಬಾಯಿ ಮುಚ್ಚಿರುತ್ತದೆ, ಕಣ್ಣಿಗೆ ಕಾಣದು. ಒಬ್ಬರು ಒಳಗೆ ಕುಸಿದರೆ ಹಗ್ಗ ಬಿರುಕಿನ ಅಂಚನ್ನು ಕೊರೆದು ಕೂರುತ್ತದೆ. ಆ ಘರ್ಷಣೆಯೇ ಭಾರದ ಒಂದು ಪಾಲನ್ನು ಹೊರುತ್ತದೆ. ಉಳಿದದ್ದನ್ನು ಮೇಲಿರುವವರು ಹಿಮದ ಮೇಲೆ ಬೋರಲು ಬಿದ್ದು, ಐಸ್ ಆ್ಯಕ್ಸ್ (ಹಿಮಗೊಡಲಿ) ಊರಿ ತಡೆಯುತ್ತಾರೆ.

ಆದರೆ ಹಗ್ಗ ಸಡಿಲವಾಗಿದ್ದರೆ ಇದೆಲ್ಲ ವ್ಯರ್ಥ. ಮೂವರಿದ್ದರೆ ಒಬ್ಬರಿಂದ ಇನ್ನೊಬ್ಬರಿಗೆ 12ರಿಂದ 15 ಮೀಟರ್, ನಾಲ್ಕೈದು ಜನರಿದ್ದರೆ 8ರಿಂದ 10. ಇಬ್ಬರೇ ಆದರೆ ಅಂತರ ಇನ್ನೂ ಹೆಚ್ಚು, ಜೊತೆಗೆ ನಡುವಿನ ಹಗ್ಗದಲ್ಲಿ ಬಟರ್‌ಫ್ಲೈ ಎಂಬ ದಪ್ಪ ಗಂಟುಗಳು. ಅವು ಅಂಚಿನ ಹಿಮದಲ್ಲಿ ಸಿಕ್ಕಿಕೊಳ್ಳಲಿ ಎಂದೇ ಹಾಕುವುದು. ಮಿಕ್ಕ ಹಗ್ಗ ಎರಡು ತುದಿಯವರ ಹೆಗಲ ಮೇಲೆ, ಬಿದ್ದವರನ್ನು ಎತ್ತಲು. ನಡೆಯುವಾಗ ಹಗ್ಗದ ನಡುಭಾಗ ಹಿಮವನ್ನು ಸವರಿದರೆ ಸಾಕು. ಸಡಿಲ ಹಗ್ಗವನ್ನು ಸುರುಳಿ ಮಾಡಿ ಕೈಯಲ್ಲಿ ಹಿಡಿದು ನಡೆಯುವ ಮಹಾನುಭಾವರಿದ್ದಾರೆ. ಸುರುಳಿ ಎಷ್ಟು ಉದ್ದವೋ ಅಷ್ಟು ದೂರ ಬೀಳುವವನಿಗೆ ತಡೆಯೇ ಇಲ್ಲ, ಆಮೇಲೆ ಅದು ಬಿಗಿಯುವುದು ನಿಮ್ಮ ಬೆರಳುಗಳನ್ನೇ. ವಿಶ್ರಾಂತಿಗೆಂದೋ ಫೋಟೊಗೆಂದೋ ಒಟ್ಟಾಗಿ ನಿಲ್ಲುವುದು ಇನ್ನೊಂದು ಹುಚ್ಚು: ಮೂವರ ತೂಕವೂ ಒಂದೇ ಹಿಮಸೇತುವೆಯ, ಅಂದರೆ ಬಿರುಕಿನ ಬಾಯಿ ಮುಚ್ಚಿದ ಹಿಮದ, ಮೇಲೆ. ಬಿರುಕನ್ನು ಅಡ್ಡಲಾಗಿ ದಾಟಬೇಕು. ಅದರ ಉದ್ದಕ್ಕೇ ಸಾಲಾಗಿ ನಡೆದರೆ ಇಡೀ ತಂಡ ಒಂದೇ ಬಿರುಕಿನ ಮೇಲಿರಬಹುದು.

ನಿಮ್ಮ ಹೆದರಿಕೆ ನಿಜವಾಗುವ ಜಾಗ ಬೇರೆ ಇದೆ: ಕಡಿದಾದ, ಗಟ್ಟಿ ಮಂಜುಗಡ್ಡೆಯ ಇಳಿಜಾರು. ಅಲ್ಲಿ ಹಗ್ಗವನ್ನು ತಡೆಯುವ ಅಂಚಿಲ್ಲ. ಒಬ್ಬ ಜಾರಿದರೆ ಎಲ್ಲರೂ ಹೋಗಬಹುದು. ಹಾಗಾಗಿ ಗೈಡ್ ಐಸ್ ಸ್ಕ್ರೂ (ಮಂಜುಗಡ್ಡೆಗೆ ತಿರುಗಿಸಿ ಕೂರಿಸುವ ತಿರುಪು) ಅಥವಾ ಸ್ನೋ ಪಿಕೆಟ್‌ಗೆ (ಹಿಮಕ್ಕೆ ಹೊಡೆಯುವ ಗೂಟ) ಹಗ್ಗ ಸಿಕ್ಕಿಸಬೇಕು, ಇಲ್ಲವೇ ಇಳಿಜಾರಿಗೆ ಬಿಗಿದ ಸ್ಥಿರ ಹಗ್ಗ ಕಟ್ಟಬೇಕು. ಹಗ್ಗ ಮೋಟು ಮಾಡಿ ತನ್ನ ಹತ್ತಿರವೇ ಹಿಡಿದು ಕರೆದೊಯ್ಯುವುದಾದರೆ ಒಬ್ಬರೋ ಇಬ್ಬರೋ, ಅಷ್ಟೇ. ಯಾವ ಆಧಾರವೂ ಇಲ್ಲದೆ ಆರು ಜನರನ್ನು ಒಂದೇ ಹಗ್ಗದಲ್ಲಿ ಅಂಥ ಕಡೆ ಹತ್ತಿಸುವ ಗೈಡ್ ಸಿಕ್ಕರೆ ಹಿಂದಿರುಗಿ. ಹಣ ಕಟ್ಟುವ ಮೊದಲೇ ಇದನ್ನು ಕೇಳುವುದು ಜಾಣತನ. ನೀವು ಕೇಳುವುದು ಟೆಂಟಿನ ಬಣ್ಣದ ಬಗ್ಗೆ.

ಪ್ರಶ್ನೆ: ನಡುರಾತ್ರಿಯೇ ಏಕೆ ಹೊರಡಬೇಕು?

ಉತ್ತರ: ಬಿಸಿಲೇರಿದರೆ ಹಿಮಸೇತುವೆ ಮೆತ್ತಗಾಗುತ್ತದೆ, ಮೇಲಿಂದ ಕಲ್ಲು ಉರುಳುತ್ತದೆ. ಅಷ್ಟರಲ್ಲಿ ನೀವು ಕೆಳಗಿರಬೇಕು.

ಪ್ರಶ್ನೆ: ಎತ್ತರದ ಕಾಯಿಲೆಗೆ ಪುಟ್ಟ ಆಕ್ಸಿಜನ್ ಕ್ಯಾನ್, ಬೆಳ್ಳುಳ್ಳಿ, ಸಿಹಿ ಗುಳಿಗೆ?

ಉತ್ತರ: ಕ್ಯಾನ್‌ನಲ್ಲಿರುವುದು ಕೆಲವೇ ನಿಮಿಷಗಳ ಸಮಾಧಾನ. ಮಿಕ್ಕೆರಡನ್ನು ಔಷಧಿಯೆಂದು ಮಾರುವವರು ನಿಮ್ಮ ಜೊತೆ ಮೇಲಕ್ಕೆ ಬರುವುದಿಲ್ಲ, ಗಮನಿಸಿ. 3000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರ ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಬಾರದು. ಮೂರ್ನಾಲ್ಕು ದಿನಕ್ಕೊಮ್ಮೆ ಅದೇ ಎತ್ತರದಲ್ಲಿ ಇನ್ನೊಂದು ರಾತ್ರಿ. ನಡಿಗೆ ತೂರಾಡಿದರೆ, ಕೂತಲ್ಲೇ ಏದುಸಿರು ಬಂದರೆ ಬೆಳಗಾಗಲಿ ಎಂದು ಕಾಯದೆ ಇಳಿಸಿ. ಎತ್ತರದ ಕಾಯಿಲೆ ತಡೆಯುವ ಮಾತ್ರೆ ಅಸೆಟಜೋಲಮೈಡ್ ಬೇಕೇ ಎಂಬುದನ್ನು ವೈದ್ಯರು ಹೇಳಲಿ.

ಪ್ರಶ್ನೆ: ಶಿಖರಕ್ಕೆ 200 ಮೀಟರ್ ಇರುವಾಗ, ಹೊತ್ತಾಯಿತೆಂದು ಗೈಡ್ ವಾಪಸ್ ಕರೆತಂದರು. ಹಣ ಮರಳಿ ಕೇಳಲೇ?

ಉತ್ತರ: ಬೇಡ.